ಗೋಣಿತಾಟು ಹೊದೆಸಿದ ರಾಕೆಟ್

ಬೆಳಗಿನ ಕಾಫಿಗೂ ಮೊದಲೇ ಬಸವರಾಜು, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಿನ ಕೋಣೆಗೆ ಹೋಗಿ, ಮೂಲೆಯಲ್ಲಿ ನಿಲ್ಲಿಸಿದ್ದ ರಾಕೆಟ್ಟಿನ ಕೊಳವೆಯನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟ. ಮೇಲ್ತುದಿಯಲ್ಲಿ ತುಂಬಿದ ಸದ್ದು. ನಡುವೆಯೂ ತುಂಬಿದ ಸದ್ದು. ಬಾಯಿಯ ಹತ್ತಿರ ಬಂದಾಗ ಪೊಳ್ಳಾಯಿತು. ಇನ್ನೊಂದು ಸಲ ತಟ್ಟಿದ. ಪೊಳ್ಳೇ. ಬಾಗಿಲ ಬೆಳಕಿಗೆ ತಿರುಗಿಸಿ ಒಳಗೆ ಇಣುಕಿದರೆ, ಗಟ್ಟಿಯಾದ ಮದ್ದಿನ ಮೇಲೆ ಕೂದಲೆಳೆಯಂಥ ಗೆರೆಯೊಂದು ನಡುವಿನಿಂದ ಹೊರಟು ಅಂಚು ಮುಟ್ಟಿತ್ತು. ಅಂಚಿನಲ್ಲಿ ಮದ್ದು ಕೊಳವೆಯ ಗೋಡೆಯನ್ನೇ ಬಿಟ್ಟು ನಿಂತಿತ್ತು. ಇದರ ಅರ್ಥವೇನೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪದರ ಪದರವಾಗಿ ತಿನ್ನುತ್ತ ಹೋಗಬೇಕಾದ ಬೆಂಕಿ ಬಿರುಕಿನೊಳಗೆ ನುಗ್ಗಿದರೆ ಇಡೀ ಮದ್ದಿಗೆ ಒಂದೇ ಏಟಿಗೆ ಹತ್ತಿಕೊಳ್ಳುತ್ತದೆ. ರಾಕೆಟ್ಟು ಮೇಲೆ ಹೋಗುವುದಿಲ್ಲ, ನಿಂತಲ್ಲೇ ಸಿಡಿಯುತ್ತದೆ. ಎದುರಿನ ಅಡುಗೆಮನೆಯ ಕಿಟಕಿಯಲ್ಲಿ ಯಾರದೋ ಬಳೆ ಸದ್ದು, ಪಾತ್ರೆ ಸದ್ದು. ಅವನಿಗೆ ಮೊದಲು ಆದದ್ದು ಹೆದರಿಕೆಯಲ್ಲ, ಅವಮಾನ. ಕಲ್ಲೇಶಪ್ಪನ ನಗು ಅವನ ಕಿವಿಯಲ್ಲಿ ಆಗಲೇ ಶುರುವಾಗಿತ್ತು. ರಾಕೆಟ್ಟಿಗೆ ಬೆಂಕಿ ಹಚ್ಚುವವನೂ ಅದೇ ಕಲ್ಲೇಶಪ್ಪ ಎಂಬುದು ಆಮೇಲೆ ನೆನಪಾಯಿತು, ನೆನಪಾದ ಮೇಲೆ ಎದೆಯೊಳಗೆ ಏನೋ ತಣ್ಣಗಾಯಿತು.

ಕಲ್ಲೇಶಪ್ಪ ಅವನ ಹೆಂಡತಿಯ ಅಣ್ಣ, ಈ ತೋಟದ ಯಜಮಾನ. ಬಸವರಾಜು ಮನೆ ಅಳಿಯ. ಕಡೂರಿನ ಕಡೆಯ ಬಯಲುಸೀಮೆಯವನು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ., ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು, ಆ ಕೆಲಸ ಹೋದ ಮೇಲೆ ಮಲ್ಲಂದೂರಿನ ಈ ತೋಟಕ್ಕೆ ಬಂದು ಕಾಫಿ ಕಣದ ಉಸ್ತುವಾರಿಗೆ ನಿಂತವನು. ಆಳುಗಳು ಕಲ್ಲೇಶಪ್ಪನನ್ನು ಸಾವ್ಕಾರ್ರು ಅನ್ನುತ್ತಿದ್ದರು, ಇವನನ್ನು ಅಳಿಯೋರು ಅನ್ನುತ್ತಿದ್ದರು. ಗೌರವದ ಮಾತೇ ಅದು, ಯಾರೂ ತಪ್ಪು ಹುಡುಕುವ ಹಾಗಿರಲಿಲ್ಲ. ಆದರೆ ಅಳಿಯೋರು ಬಂದ್ರು ಎಂದಾಗಲೆಲ್ಲ ಅವನಿಗೆ ತಾನೊಂದು ಸಾಮಾನು, ಮದುವೆಯ ಸಮಯದಲ್ಲಿ ಬಾಡಿಗೆಗೆ ತಂದು ವಾಪಸು ಕೊಡುವುದು ಮರೆತ ಸಾಮಾನು ಅನ್ನಿಸುತ್ತಿತ್ತು. ಕಲ್ಲೇಶಪ್ಪ ಮಾತ್ರ ಮೇಷ್ಟ್ರೇ ಅನ್ನುತ್ತಿದ್ದ. ಅದು ಇನ್ನೂ ಕಷ್ಟ.

"ಏನ್ ಮೇಷ್ಟ್ರೇ, ಅಂಟು ಹಿಡ್ಕಂಡಿತಾ?" ತಿಂಡಿಗೆ ಕೂತಾಗ ಕಲ್ಲೇಶಪ್ಪ ಕೇಳಿದ. ಆರು ತಿಂಗಳಿಂದ ದಿನಾ ಬೆಳಿಗ್ಗೆ ಇದೇ ಪ್ರಶ್ನೆ. ಅಕ್ಕಿರೊಟ್ಟಿ ಮುರಿಯುತ್ತ, ಮುಖ ಎತ್ತದೆ, ದನ ಹಾಲು ಕೊಟ್ಟಿತಾ ಎಂದು ಕೇಳುವ ಧಾಟಿಯಲ್ಲಿ.

"ಹಿಡಿದಿದೆ ಭಾವ," ಅಂದ ಬಸವರಾಜು.

ಮಾತು ಬಾಯಿಂದ ಬಿದ್ದ ಮೇಲೆ ತಾನು ಏನು ಹೇಳಿದೆನೆಂದು ಅವನಿಗೇ ಕೇಳಿಸಿತು. ಅತ್ತೆ ಅಂಜನಮ್ಮ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಬೇಡವೆನ್ನಲು ಕೈ ಅಡ್ಡ ಹಿಡಿದ; ರೊಟ್ಟಿ ಕೈಯ ಮೇಲೇ ಬಿತ್ತು. "ತಿನ್ನಿ ಅಳಿಯಂದ್ರೇ, ಇವತ್ತು ಊಟ ತಡ ಆಗ್ತದೆ," ಅಂದರು. ಈ ಮನೆಯಲ್ಲಿ ಅವನಿಗೆ ಯಾರೂ ಒಂದು ದಿನಕ್ಕೂ ಕಡಿಮೆ ಬಡಿಸಿದವರಲ್ಲ. ಕಡಿಮೆ ಬಡಿಸಿದ್ದರೆ ಒಳ್ಳೆಯದಿತ್ತು. ದ್ವೇಷಕ್ಕೆ ಒಂದು ಆಧಾರವಾದರೂ ಸಿಗುತ್ತಿತ್ತು. ತುಂಬಿದ ತಟ್ಟೆಯ ಮುಂದೆ ಕೂತು ದ್ವೇಷಿಸುವುದು ಬಹಳ ಆಯಾಸದ ಕೆಲಸ. ಹೆಂಡತಿ ಹೇಮಾವತಿ ಕಾಫಿ ತಂದಿಟ್ಟು ಅವನ ಮುಖವನ್ನೊಮ್ಮೆ ನೋಡಿ ಅಣ್ಣನ ಹಿಂದೆ ಜಗುಲಿಗೆ ಹೋದಳು. ಅಲ್ಲಿ ಇಬ್ಬರೂ ಪಿಸುಮಾತಿನಲ್ಲಿ ಏನೋ ಮಾತಾಡಿಕೊಂಡರು. ತನ್ನ ವಿಷಯವೇ ಇರಬೇಕು ಎಂದುಕೊಂಡ. ಅವರಿಬ್ಬರು ಮಾತಾಡಿದಾಗಲೆಲ್ಲ ಅವನು ಹಾಗೆಯೇ ಅಂದುಕೊಳ್ಳುತ್ತಿದ್ದ.

ಇವತ್ತು ಕೊನೆಯ ಗಿಡದ ದಿನ. ತೋಟದ ಕೊಯ್ಲೆಲ್ಲ ಮುಗಿದ ಮೇಲೆ ಒಂದೇ ಒಂದು ಗಿಡವನ್ನು ಹಣ್ಣಿನ ಸಮೇತ ಉಳಿಸಿ, ಅದಕ್ಕೆ ಕುಂಕುಮ ಹಚ್ಚಿ, ಎಲ್ಲರೂ ಸೇರಿ ಕೊಯ್ದು ಮುಗಿಸುವುದು ಈ ಮನೆಯ ಪದ್ಧತಿ. ಆಮೇಲೆ ಯಜಮಾನನೇ ಕೈಯಾರೆ ಊದುಬತ್ತಿಯಿಂದ ಗರ್ನಾಲು ಹಚ್ಚಬೇಕು. ಆ ಸಿಡಿತದ ಸದ್ದು ಆಚೆ ಗುಡ್ಡದ ತೋಟಗಳಿಗೆ ಕೇಳಿ, ಇವರದು ಮುಗೀತು ಅಂತ ಅವರು ತಿಳಿದುಕೊಳ್ಳಬೇಕು. ಹೋದ ವರ್ಷ ಆಷಾಢದ ಮಳೆಯಲ್ಲಿ, ನಮ್ಮ ದೇಶದ ರಾಕೆಟ್ಟು ಉಪಗ್ರಹವನ್ನು ಹೊತ್ತುಕೊಂಡು ಹೋಯಿತೆಂದು ರೇಡಿಯೋದಲ್ಲಿ ವಾರ್ತೆ ಬಂದಾಗ, ಬಸವರಾಜು ಊಟದ ಮಣೆಯ ಮೇಲೆ ಕೂತು, ಅದರ ತತ್ವ ಬಹಳ ಸರಳ, ಚಿಕ್ಕದಾದರೆ ಇಲ್ಲೇ ಮಾಡಬಹುದು ಅಂದುಬಿಟ್ಟಿದ್ದ. ಎಷ್ಟೋ ತಿಂಗಳ ಮೇಲೆ ಅವನು ಆ ಮನೆಯಲ್ಲಿ ತಾನು ಓದಿದ ವಿಷಯವನ್ನು ಮಾತಾಡಿದ್ದು ಅದೇ ಮೊದಲು. "ಹಂಗಾರೆ ಕೊನೇ ಗಿಡದ ದಿನ ಗರ್ನಾಲು ಬ್ಯಾಡ, ಮೇಷ್ಟ್ರ ರಾಕೆಟ್ಟೇ ಬಿಡಾಣ," ಎಂದು ಕಲ್ಲೇಶಪ್ಪ ಅವತ್ತೇ ಸಾರಿಬಿಟ್ಟ. ಮಾರನೆಯ ದಿನ ಅದು ಆಳುಗಳ ಲೈನ್ ಮನೆಗಳವರೆಗೂ ಹೋಯಿತು. ಹಣ್ಣು ಕೀಳುವ ಹೆಂಗಸರು ಬುಟ್ಟಿ ಹೊತ್ತುಕೊಂಡು ಎದುರಾದಾಗ ನಗು ತಡೆಯಲು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು.

ಮದ್ದಿನ ಪುಡಿಗಳದ್ದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಪುಡಿಯನ್ನು ಪುಡಿಯಾಗಿರಲು ಬಿಡದೆ ಹಿಡಿದಿಡುವ ಅಂಟಿನದು, ಬೈಂಡರಿನದು. ಹಿಡಿಯಬೇಕು, ಆದರೆ ಕಲ್ಲಾಗಬಾರದು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗಿದರೂ ಗೋಡೆ ಬಿಡಬಾರದು. ಕಾಲೇಜಿನ ಹಲಗೆಯ ಮೇಲೆ ಇಷ್ಟನ್ನು ಬರೆದು ಕೈಗೆ ಹತ್ತಿದ ಸೀಮೆಸುಣ್ಣ ಕೊಡವಿದರೆ ಗಂಟೆ ಹೊಡೆಯುತ್ತಿತ್ತು. ಇಲ್ಲಿ ಗಂಟೆ ಹೊಡೆಯಲಿಲ್ಲ. ಬೆಲ್ಲದ ಪಾಕದಲ್ಲಿ ಒಂದು ಉಂಡೆ ಮಾಡಿಟ್ಟ. ಮಲೆನಾಡಿನ ಥಂಡಿಗೆ ಅದು ಎರಡೇ ದಿನದಲ್ಲಿ ಬೆವೆತು, ಇರುವೆಗಳು ಸಾಲು ಹಿಡಿದವು. "ಮೇಷ್ಟ್ರು ಇರುವೇನ ಮೇಲಕ್ಕೆ ಕಳಿಸ್ತಾರಂತೆ" ಎಂದು ಕಲ್ಲೇಶಪ್ಪ ತೋಟದ ಲೆಕ್ಕ ಬರೆಯುವ ರೈಟರ್‌ಗೆ ಹೇಳುವುದು ಕೇಳಿಸಿತು. ರಸ್ತೆಗೆ ಹಾಕುವ ಡಾಂಬರು ತಂದು ನೋಡಿದ. ಮಧ್ಯಾಹ್ನದ ಬಿಸಿಲಿಗೆ ಅದು ಕುಸಿದು ಪಕ್ಕಕ್ಕೆ ವಾಲಿಕೊಂಡಿತು. ಹಲಸಿನ ಮೇಣ ಕೈಬೆರಳುಗಳನ್ನೇ ಒಂದಕ್ಕೊಂದು ಹಿಡಿಸಿತೇ ಹೊರತು ಪುಡಿಯನ್ನು ಹಿಡಿಸಲಿಲ್ಲ. ಹೇಮಾವತಿ ಮಾತಿಲ್ಲದೆ ಕೊಬ್ಬರಿ ಎಣ್ಣೆ ಹಚ್ಚಿ ಒಂದೊಂದೇ ಬೆರಳು ಬಿಡಿಸಿದಳು. ಆಗಲೂ ಅವನು ಅವಳ ಮುಖ ನೋಡದೆ ಗೋಡೆ ನೋಡುತ್ತ ಕೂತಿದ್ದ. ಕೊನೆಗೆ ಉಳಿದದ್ದು ಎರಡೇ. ಒಂದು ರಬ್ಬರ್ ಹಾಲು. ಅದೇ ಸರಿಯಾದದ್ದು, ಎಳೆದರೆ ಬರುತ್ತದೆ ಬಿಟ್ಟರೆ ಹೋಗುತ್ತದೆ, ಬಿಸಿಲು ಚಳಿ ಎರಡಕ್ಕೂ ಜಗ್ಗುವುದಿಲ್ಲ ಎಂದು ಅವನ ವಿದ್ಯೆಯೆಲ್ಲ ಹೇಳುತ್ತಿತ್ತು. ಆದರೆ ರಬ್ಬರ್ ಮರಗಳಿದ್ದದ್ದು ಕಳಸದ ಕೆಳಗೆ, ಕಲ್ಲೇಶಪ್ಪನ ಸ್ನೇಹಿತನ ತೋಟದಲ್ಲಿ. ಅಂದರೆ ಕಲ್ಲೇಶಪ್ಪನ ಮುಂದೆ ನಿಂತು, ಭಾವ, ಸ್ವಲ್ಪ ರಬ್ಬರ್ ಹಾಲು ತರಿಸಿಕೊಡಿ ಎಂದು ಕೇಳಬೇಕು. ಅವನು ತರಿಸಿಕೊಡುತ್ತಾನೆ. ಒಂದು ಕ್ಯಾನ್ ಸಾಲದು ಎಂದು ಎರಡು ಕ್ಯಾನ್ ತರಿಸುತ್ತಾನೆ, ಜೀಪು ಕಳಿಸುತ್ತಾನೆ, ಆಮೇಲೆ ಬದುಕಿರುವವರೆಗೂ ಆ ರಾಕೆಟ್ಟನ್ನು ನಮ್ಮ ರಬ್ಬರ್ ಹಾಲಿನ ರಾಕೆಟ್ಟು ಅನ್ನುತ್ತಾನೆ. ಬಸವರಾಜು ಕೇಳಲಿಲ್ಲ.

ಎರಡನೆಯದು ವಸ್ತಾರೆ ರಸ್ತೆಯಲ್ಲಿ ರಜಬ್ ಅಲಿಯ ಗ್ಯಾರೇಜಿನಲ್ಲಿತ್ತು. ತೋಟದ ಜೀಪುಗಳ ಮಡ್‌ಗಾರ್ಡು ತೂತು ಬಿದ್ದರೆ ಅವನು ಗಾಜಿನ ನೂಲಿನ ಬಟ್ಟೆಯ ಮೇಲೆ ರಾಳದಂಥ ಒಂದು ದ್ರವ ಬಳಿದು ಮುಚ್ಚುತ್ತಿದ್ದ. ಬಳಿದಾಗ ಜೇನಿನ ಹಾಗೆ, ಸಂಜೆಗೆ ಕಲ್ಲಿನ ಹಾಗೆ. ಕಲ್ಲಿನ ಹಾಗೆ ಎಂಬುದೇ ಅದರ ದೋಷವೆಂದು ಬಸವರಾಜುವಿಗೆ ಗೊತ್ತಿತ್ತು. ಗೊತ್ತಿದ್ದೂ, ನಿಧಾನವಾಗಿ ಗಟ್ಟಿಯಾಗಲು ಬಿಟ್ಟರೆ ಏನೂ ಆಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಸ್ಸು ಹತ್ತಿ ಹೋದ. ಈ ಅಂಟಿಗಾದರೂ ಯಾರ ಮುಂದೆಯೂ ಕೈ ಒಡ್ಡಬೇಕಾಗಿಲ್ಲ, ದುಡ್ಡು ಕೊಟ್ಟು ತರಬಹುದು ಎಂಬ ಹೆಮ್ಮೆ ದಾರಿಯುದ್ದಕ್ಕೂ ಇತ್ತು. ರಜಬ್ ಅಲಿ ಡಬ್ಬಿಗೆ ತುಂಬಿಸಿ, ಮುಚ್ಚಳ ಬಿಗಿದು, ಚಿಂದಿಯಿಂದ ಒರೆಸಿ ಕೊಟ್ಟ. ಬಸವರಾಜು ಕಿಸೆಗೆ ಕೈ ಹಾಕಿದ.

"ಅಯ್ಯೋ, ಬಿಡಿ ಸಾರ್," ಅಂದ ರಜಬ್ ಅಲಿ. "ಕಲ್ಲೇಶಪ್ನೋರ ಮನೆಯೋರ ಹತ್ರ ಇದಕ್ಕೆಲ್ಲ ಇಸ್ಕೊಳ್ತೀವಾ? ಅವ್ರು ಬೈತಾರೆ ನಂಗೆ."

"ಇದು ಅವರಿಗಲ್ಲ. ನನಗೆ."

"ಎರಡೂ ಒಂದೇ ಅಲ್ವಾ ಸಾರ್," ಎಂದು ರಜಬ್ ಅಲಿ ಸರಳವಾಗಿ ನಕ್ಕು, ಬಾನೆಟ್ಟಿನೊಳಗೆ ತಲೆ ಹಾಕಿದ. ಡಬ್ಬಿಯನ್ನು ಅಲ್ಲೇ ಇಟ್ಟು ಬಂದುಬಿಡಬೇಕು ಅನ್ನಿಸಿತು. ಇಟ್ಟು ಬರಲಿಲ್ಲ. ತೊಡೆಯ ಮೇಲಿಟ್ಟುಕೊಂಡು, ಬಸ್ಸಿನ ಕುಲುಕಾಟಕ್ಕೆ ಚೆಲ್ಲದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದ.

ಮದ್ದು ಕಲಸಿ ಕೊಳವೆಗೆ ತುಂಬಿದ ದಿನ ಅದನ್ನು ಕಣದ ಅಂಚಿನಲ್ಲಿ, ಹಣ್ಣು ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಹರವಿದ್ದ ಪಕ್ಕದಲ್ಲಿ ನಿಲ್ಲಿಸಿದ. ಕಾಫಿ ಕೆದಕುತ್ತಿದ್ದ ತಿಮ್ಮಮ್ಮ ಹನ್ನೆರಡರ ಬಿಸಿಲಿಗೆ ಪಾರ್ಚ್‌ಮೆಂಟನ್ನು ಗೋಣಿತಾಟಿನಿಂದ ಮುಚ್ಚುತ್ತ ಬಂದವಳು, "ಇದಕ್ಕೂ ಹೊದೆಸ್ಲಾ ಅಳಿಯೋರೇ?" ಎಂದು ಕೇಳಿದಳು. "ಹೊದೆಸು. ದಪ್ಪಕ್ಕೆ ಹೊದೆಸು," ಅಂದ. ಕಣದಲ್ಲಿ ಅದು ಎಲ್ಲರಿಗೂ ಗೊತ್ತಿರುವ ಮಾತು. ಬಿಸಿಲಿಗೆ ಗಡಿಬಿಡಿಯಲ್ಲಿ ಒಣಗಿದರೆ ಕಾಳಿನ ಸಿಪ್ಪೆ ಬಿರಿಯುತ್ತದೆ, ಮುಚ್ಚಿ ನಿಧಾನಕ್ಕೆ ಒಣಗಿಸಬೇಕು. ಮೂರು ವರ್ಷದಲ್ಲಿ ಈ ತೋಟ ಅವನಿಗೆ ಕಲಿಸಿದ್ದು ಅದೊಂದೇ. ಆದರೆ ರಜಬ್ ಅಲಿಯ ರಾಳ ಕಾಫಿಯಲ್ಲ. ಅದು ಬಿಸಿಲಿಗೆ ಒಣಗುವುದಿಲ್ಲ, ತನ್ನೊಳಗೇ ಕಾವು ಹುಟ್ಟಿಸಿಕೊಂಡು ಗಟ್ಟಿಯಾಗುತ್ತದೆ, ಆ ಕಾವು ಹೊರಗೆ ಹೋಗಲು ದಾರಿ ಬೇಕು. ಗೋಣಿತಾಟಿನ ಕೆಳಗೆ ಕಾವು ಕೂಡಿಹಾಕಿಕೊಂಡು, ಇಬ್ಬನಿ ಬಿದ್ದಾಗ ಒಮ್ಮೆಗೇ ತಣಿದು, ಅದು ಬಿರಿಯಿತು. ಅವನ ಕಾಲೇಜಿನ ಅತಿ ದಡ್ಡ ವಿದ್ಯಾರ್ಥಿಯೂ ಹೇಳಬಹುದಾಗಿದ್ದ ವಿಷಯ. ಗೋಣಿತಾಟು ಹೊದೆಸು ಎಂದದ್ದು ಎಂ.ಎಸ್ಸಿ. ಓದಿದವನಲ್ಲ, ಕಾಫಿ ಕಣದ ಉಸ್ತುವಾರಿ. ತಾನು ಯಾರನ್ನು ಕಂಡರೆ ಉರಿದು ಬೀಳುತ್ತಿದ್ದೆನೋ ಅವರ ಕೈ ತನ್ನ ಕೈಯೊಳಗೆ ಬಂದು ಕೂತಿತ್ತಲ್ಲ ಎಂದು, ಬೆಳಿಗ್ಗೆ ಬಿರುಕು ಕಂಡಾಗಿನಿಂದ ಅವನಿಗೆ ತನ್ನ ಬೆರಳುಗಳ ಮೇಲೇ ಅಸಹ್ಯ.

ಹೇಳಿಬಿಡಬಹುದು ಎಂದು ಬೆಳಗಿನಿಂದ ಎಷ್ಟೋ ಸಲ ಅಂದುಕೊಂಡ. ಕಣದಲ್ಲಿ ಕಲ್ಲೇಶಪ್ಪ ಎದುರು ಬಂದ. ಈಗ ಹೇಳುತ್ತೇನೆ ಎಂದು ಬಾಯಿ ತೆರೆದ. "ಮೇಷ್ಟ್ರೇ, ಪಂಚೆ ಕಟ್ಕೊಂಡು ಬನ್ನಿ, ಪ್ಯಾಂಟಲ್ಲಿ ಗಿಡದ ಪೂಜೆಗೆ ಬರ್ಬ್ಯಾಡಿ," ಎಂದು ಅವನು ಭುಜ ತಟ್ಟಿ ಮುಂದೆ ಹೋದ. ಸರಿ, ಹಾಗಾದರೆ ಹೇಳುವುದಿಲ್ಲ. ಒಂದು ಪಂಚೆಯ ಮಾತಿಗೆ ಒಬ್ಬ ಮನುಷ್ಯನ ಮುಖ ಸುಟ್ಟುಹೋಗಲಿ ಎಂದು ಯಾರಾದರೂ ಬಯಸುತ್ತಾರೆಯೇ? ಬಯಸುವುದಿಲ್ಲ. ಬಸವರಾಜುವೂ ಬಯಸಲಿಲ್ಲ. ಅವನು ಬರೀ ಹೇಳುವುದನ್ನು ಮುಂದೆ ಹಾಕಿದ, ಅಷ್ಟೇ. ಬಿರುಕಿದ್ದ ಮಾತ್ರಕ್ಕೆ ಸಿಡಿಯಲೇಬೇಕೆಂದೇನಿಲ್ಲ, ಮೇಲೆಯೂ ಹೋಗಬಹುದು, ಹೋಗುವ ಸಾಧ್ಯತೆ ಇದ್ದೇ ಇದೆ ಎಂದು ತನ್ನ ತಲೆಯೊಳಗೆ ಒಂದು ಪಾಠವನ್ನೇ ಮಾಡಿದ. ಪಾಠ ಚೆನ್ನಾಗಿತ್ತು. ಪಾಠ ಮಾಡುತ್ತಲೇ ಪಂಚೆ ಉಟ್ಟುಕೊಂಡ. ಕನ್ನಡಿಯಲ್ಲಿ ಕಂಡ ಮುಖ ಎಂದಿನಂತೆಯೇ ಇತ್ತು, ಅದೇ ಅವನಿಗೆ ಆಶ್ಚರ್ಯ.

ಕೊನೆಯ ಗಿಡ ಕಣದ ಮೇಲಿನ ದಿಬ್ಬದಲ್ಲಿತ್ತು. ಆಳುಗಳೆಲ್ಲ ಬಂದಿದ್ದರು. ಅಕ್ಕಪಕ್ಕದ ತೋಟಗಳ ಕೆಲವರು ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅಂಜನಮ್ಮ ಕುಂಕುಮ ಹಚ್ಚಿದರು, ತಿಮ್ಮಮ್ಮ ಮೊದಲ ಹಣ್ಣು ಕಿತ್ತಳು, ಆಮೇಲೆ ಎಲ್ಲರ ಕೈಯೂ ಗಿಡದೊಳಗೆ ಹೊಕ್ಕು ಗಿಡ ಬರಿದಾಯಿತು. ಇಪ್ಪತ್ತು ಮಾರು ಆಚೆ ಬಸವರಾಜು ತಾನೇ ಕೊಳವೆಯನ್ನು ಕಂಬಿಗಳ ನಡುವೆ ನಿಲ್ಲಿಸಿದ, ಬಿರುಕಿದ್ದ ಬಾಯಿ ಕೆಳಗೆ. ಬತ್ತಿಯನ್ನು ಹೊರಗೆಳೆದು ಬಿಟ್ಟ. ದೂರದಿಂದ ತಂತಿ ಎಳೆದು ಬ್ಯಾಟರಿಯಲ್ಲಿ ಹೊತ್ತಿಸಬಹುದು ಎಂದು ಹಿಂದೆಯೇ ಒಮ್ಮೆ ಹೇಳಿದ್ದ. ಯಜಮಾನ ಕೈಯಾರೆ ಹಚ್ಚದೆ ಇದ್ದರೆ ಅದೆಂಥ ಕೊನೇ ಗಿಡ ಎಂದು ಕಲ್ಲೇಶಪ್ಪ ಆ ಮಾತನ್ನು ಅಲ್ಲೇ ಮುಗಿಸಿದ್ದ. ಅವನೇ ಬೇಡವೆಂದದ್ದು. ತನ್ನದೇನಿದೆ ಇದರಲ್ಲಿ? ಕಲ್ಲೇಶಪ್ಪ ಊದುಬತ್ತಿ ಹೊತ್ತಿಸಿ, ಉಫ್ ಎಂದು ಊದಿ ಕೆಂಡ ಮಾಡಿಕೊಂಡು, ದಪ್ಪ ಮೈಯನ್ನು ತೂಗಾಡಿಸುತ್ತ ರಾಕೆಟ್ಟಿನ ಕಡೆ ನಡೆದ. ಹೆಂಗಸರು ಕಿವಿ ಮುಚ್ಚಿಕೊಂಡರು. ಬಸವರಾಜುವಿನ ಕಾಲು ತಾನಾಗಿ ಹಿಂದೆ ಸರಿಯಿತು. ಪಕ್ಕದಲ್ಲಿದ್ದ ಹೇಮಾವತಿಯ ತೋಳನ್ನು ಅವನ ಕೈ ಹಿಡಿದುಕೊಂಡಿತು, ಅವಳನ್ನೂ ಎಳೆದುಕೊಂಡು ಹಿಂದಕ್ಕೆ ಹಿಂದಕ್ಕೆ ಹೋಯಿತು. ಕಲ್ಲೇಶಪ್ಪ ಬಗ್ಗಿದ. ಅವನ ಕತ್ತಿನ ಹಿಂದಿನ ಮಡಿಕೆ, ಅದರ ಮೇಲೆ ಬೆಳಗಿನ ವಿಭೂತಿ, ಎಲ್ಲ ಸ್ಪಷ್ಟವಾಗಿ ಕಂಡಿತು. ಬಸವರಾಜು ಉಸಿರು ಬಿಡದೆ ಕಾದ.

ಬಗ್ಗಿದವನು ಹಾಗೆಯೇ ನಿಂತ. ಆಮೇಲೆ ನೆಟ್ಟಗಾಗಿ ತಿರುಗಿದ. "ಇಲ್ಲ ಇಲ್ಲ," ಅಂದ, ಎಲ್ಲರಿಗೂ ಕೇಳುವ ಹಾಗೆ. "ಈ ವರ್ಷ ನಾನು ಹಚ್ಚಾದಲ್ಲ. ಮಾಡಿದೋರು ಯಾರು? ಬನ್ನಿ ಭಾವ. ನೀವೇ ಹಚ್ಚಿ."

ಮೇಷ್ಟ್ರೇ ಅನ್ನಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಅನ್ನದವನು ಭಾವ ಅಂದ. ಕುರ್ಚಿಯಲ್ಲಿದ್ದವರು ಚಪ್ಪಾಳೆ ತಟ್ಟಿದರು. ಆಳುಗಳು ಜಾಗ ಬಿಟ್ಟರು. ದಿಬ್ಬದ ಮೇಲೆ ಅವನೊಬ್ಬನಿಗಾಗಿ ಒಂದು ದಾರಿಯೇ ಆಯಿತು. ಯಜಮಾನನ ಊದುಬತ್ತಿ ಆ ದಾರಿಯಲ್ಲಿ ಅವನ ಕಡೆ ಚಾಚಿಕೊಂಡಿತ್ತು. ಈ ಒಂದು ಗಳಿಗೆ ಬರಲಿ ಎಂದು ಅವನು ಎಷ್ಟು ದಿನ ಹಲ್ಲು ಕಚ್ಚಿಕೊಂಡಿದ್ದ, ಬಂದರೆ ಹೇಗೆ ನಡೆಯಬೇಕು, ಏನು ಹೇಳಬೇಕು ಎಂದೆಲ್ಲ ಕಣದ ಬಿಸಿಲಲ್ಲಿ ನಿಂತು ಎಷ್ಟು ಸಲ ಯೋಚಿಸಿದ್ದ. ನಡೆದುಹೋಗಿ ಊದುಬತ್ತಿ ತೆಗೆದುಕೊಂಡ. ಅದರ ಹೊಗೆ ಕಣ್ಣಿಗೆ ಹೊಡೆಯಿತು. ಬತ್ತಿ ಮೊಳದ ದೂರದಲ್ಲಿತ್ತು. ಬಿರುಕಿದ್ದ ಮಾತ್ರಕ್ಕೆ ಸಿಡಿಯಲೇಬೇಕೆಂದೇನಿಲ್ಲ ಎಂದು ಅಷ್ಟು ಚೆನ್ನಾಗಿ ಮಾಡಿದ ಪಾಠದ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ.

"ಬಿರುಕಿದೆ," ಅಂದ.

"ಏನು?"

"ಮದ್ದು ಬಿರುಕು ಬಿಟ್ಟಿದೆ. ಹಚ್ಚಬಾರದು. ಸಿಡಿಯುತ್ತೆ."

ಕುರ್ಚಿಯ ಕಡೆಯಿಂದ ಯಾರೋ, "ಹೆದ್ರಿಬಿಟ್ರು ಮಾರಾಯ್ರೆ," ಅಂದರು. ನಗು ಅಲ್ಲಿಂದ ಶುರುವಾಗಿ ಆಳುಗಳವರೆಗೆ ಹೋಯಿತು, ತಿಮ್ಮಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ಕಲ್ಲೇಶಪ್ಪ ಮಾತ್ರ ಗಟ್ಟಿಯಾಗಿ ನಗಲಿಲ್ಲ. ಬಸವರಾಜುವಿನ ಬೆರಳುಗಳಿಂದ ಊದುಬತ್ತಿಯನ್ನು ಮೆಲ್ಲಗೆ ಬಿಡಿಸಿಕೊಂಡು, "ಹೋಗ್ಲಿ ಬಿಡಿ ಮೇಷ್ಟ್ರೇ," ಅಂದ. ಗರ್ನಾಲನ್ನು ಅವನು ಮೊದಲೇ ತರಿಸಿ ಇಟ್ಟಿದ್ದ. ಅದನ್ನು ತಂದರು, ಹಚ್ಚಿದ, ಸದ್ದು ಗುಡ್ಡಗಳಿಗೆ ಬಡಿದು ತಿರುಗಿ ಬಂತು. ಬಸವರಾಜುವಿನ ಕೊಳವೆಯನ್ನು ಪಲ್ಪರ್ ನೀರಿನ ತೊಟ್ಟಿಗೆ ಹಾಕಿಸಿ ಎಂದು ಮೇಸ್ತ್ರಿಗೆ ಹೇಳಿ, ಎಲ್ಲರನ್ನೂ ಊಟಕ್ಕೆ ಕರೆದುಕೊಂಡು ಇಳಿದುಹೋದ.

ಎಲ್ಲರೂ ಇಳಿದ ಮೇಲೂ ಹೇಮಾವತಿ ಬರಿಗಿಡದ ಹತ್ತಿರ ನಿಂತಿದ್ದಳು. ಅವಳು ಏನಾದರೂ ಸಮಾಧಾನ ಹೇಳುತ್ತಾಳೆ, ತಾನು ರೇಗಬಹುದು ಎಂದು ಬಸವರಾಜು ಸಿದ್ಧನಾದ.

"ಬಿರುಕು ಯಾವಾಗ ನೋಡಿದ್ರಿ?" ಎಂದು ಕೇಳಿದಳು.

"ಈಗ. ನಿಲ್ಲಿಸೋವಾಗ."

"ಬೆಳಿಗ್ಗೆ ತೊಡೆ ಮೇಲೆ ಮಲಗಿಸ್ಕೊಂಡು ತಟ್ತಾ ಇದ್ರಿ. ಕಿಟಕೀಲಿ ನೋಡ್ದೆ. ಮಗೂನ ತಟ್ಟಿದ ಹಂಗೆ ತಟ್ತಾರಲ್ಲ, ಎಷ್ಟು ಆಸೆ ಇಟ್ಕೊಂಡಿದಾರೆ ಅಂತ ಹೊಟ್ಟೆ ಚುರುಕ್ ಅಂತು. ಅದಕ್ಕೇ ತಿಂಡಿ ಆದ್ಮೇಲೆ ಅಣ್ಣನ ಹತ್ರ ಬೇಡ್ಕೊಂಡೆ, ಈ ವರ್ಷ ಅವರ ಕೈಲೇ ಹಚ್ಸು, ಎಲ್ಲರ ಎದುರು ಭಾವ ಅಂತ ಕರಿ ಅಂತ."

ಹೇಮಾವತಿ ತನ್ನ ತೋಳನ್ನು ನೋಡಿಕೊಂಡಳು. ಅವನು ಹಿಡಿದಿದ್ದ ಕಡೆ ಒಂದು ಬಳೆ ಒಡೆದು ಚರ್ಮ ತರಚಿತ್ತು.

"ಅಣ್ಣ ಊದುಬತ್ತಿ ಹಿಡ್ಕೊಂಡು ಬಗ್ಗಿದಾಗ ನೀವು ನನ್ನನ್ನ ಹಿಂದಕ್ಕೆ ಎಳ್ಕೊಂಡ್ರಿ," ಅಂದಳು. "ಅವನನ್ನ ಕರೀಲಿಲ್ಲ."

"ಹೇಮಾ, ಕೇಳಿಲ್ಲಿ..."

"ಅವನಿಗೆ ಹೇಳಲ್ಲ. ಹೆದ್ರಬೇಡಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ಏನಾದರೂ ಉತ್ತರ ಕೊಡುತ್ತಿದ್ದ. "ಹೇಳಿದ್ರೂ ಅವನು ನಂಬಲ್ಲ. ನಗ್ತಾನೆ. ನಮ್ಮ ಮೇಷ್ಟ್ರ ಕೈಲಿ ಅಷ್ಟೆಲ್ಲಾ ಎಲ್ಲಿ ಆಗ್ತದೆ ಅಂತಾನೆ."

ಒಡೆದ ಬಳೆಯ ಚೂರನ್ನು ಗಿಡದ ಬುಡಕ್ಕೆ ಹಾಕಿ ಅವಳು ಇಳಿದುಹೋದಳು. ಕೆಳಗೆ ಅಂಗಳದಲ್ಲಿ ಊಟಕ್ಕೆ ಎಲೆ ಹಾಕಿದ್ದರು. ಅಂಜನಮ್ಮ ಜಗುಲಿಯಿಂದಲೇ, "ಅಳಿಯಂದ್ರು ಎಲ್ಲಿ, ಅವ್ರನ್ನ ಬಿಟ್ಟು ಬಡಿಸ್ಬ್ಯಾಡಿ," ಅನ್ನುವುದು ದಿಬ್ಬದವರೆಗೂ ಕೇಳಿಸಿತು. ಕಲ್ಲೇಶಪ್ಪ ತನ್ನ ಪಕ್ಕದ ಎಲೆಗೆ ನೀರು ಚಿಮುಕಿಸಿ, ಅದನ್ನು ಖಾಲಿ ಇಟ್ಟುಕೊಂಡು, ಊಟ ಶುರುಮಾಡದೆ ಕಾಯುತ್ತಿದ್ದ.